ಆ ಮಡಚುವ ಕುರ್ಚಿ ಯಾರದ್ದು?

ನಡೆದು ಮುಗಿಸಿದೆ. ಐದು ಕಿಲೋಮೀಟರ್. ಬೇರೆಯವರಿಗೆ ಒಂದು ಗಂಟೆಯ ಕೆಲಸ, ನನಗೆ ಮೂರು ಗಂಟೆ ಹತ್ತು ನಿಮಿಷ ಹಿಡಿಯಿತು. ಕೊನೆಯಲ್ಲಿ ನಿಮಗೆಲ್ಲ ಥ್ಯಾಂಕ್ಸ್ ಹೇಳಬೇಕು ಅಂತ ಬಾಯಿ ತೆರೆದೆ, ಮಾತೇ ಹೊರಡಲಿಲ್ಲ, ಸುಮ್ನೆ ತಲೆಯಾಡಿಸಿ ಕಾರು ಹತ್ತಿಬಿಟ್ಟೆ. ಆಮೇಲೆ ನಾಲ್ಕು ದಿನ ಹಾಸಿಗೆ. ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್, ನರಗಳ ಕಾಯಿಲೆ) ಇರುವವರಿಗೆ ಗೊತ್ತು, ಇದು ನಿದ್ದೆ ಮಾಡಿದರೆ ಹೋಗುವ ಸುಸ್ತಲ್ಲ. ಇವತ್ತು ಬೆರಳುಗಳು ಸ್ವಲ್ಪ ಮಾತು ಕೇಳುತ್ತಿವೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಎಂಎಸ್ ಸಂಶೋಧನೆಗೆ ಅಂತ ಈ ನಡಿಗೆಯಿಂದ ಕೂಡಿಸಲು ಹೊರಟಿದ್ದ ಹಣ ಗುರಿ ದಾಟಿದೆ. ಪೂರ್ತಿ ಕಳಿಸಿಯಾಯಿತು, ರಸೀದಿಯೂ ಬಂತು. ಯಾರು ಕೇಳಿದರೂ ತೋರಿಸುತ್ತೇನೆ.

ಹನ್ನೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ ಎಡಗಣ್ಣಿಗೆ ಕೆಂಪು ಬಣ್ಣ ಕೆಂಪಾಗಿ ಕಾಣಲಿಲ್ಲ. ಬಲಗಣ್ಣಲ್ಲಿ ನೋಡಿದರೆ ಸರಿಯಾಗೇ ಇದೆ, ಅದನ್ನು ಮುಚ್ಚಿಕೊಂಡು ನೋಡಿದರೆ ತೊಳೆದು ತೊಳೆದು ಬಣ್ಣ ಬಿಟ್ಟ ಬಟ್ಟೆಯ ಹಾಗೆ. ಮೊದಲು ತೋರಿಸಿದ ಡಾಕ್ಟರ್ "ಟೆನ್ಷನ್ ಇರಬೇಕು, ರೆಸ್ಟ್ ಮಾಡಿ" ಅಂದರು. ಮಾಡಿದೆ. ಕಣ್ಣೇನೋ ಒಂದೂವರೆ ತಿಂಗಳಲ್ಲಿ ಬಹುಪಾಲು ಸರಿಹೋಯಿತು, ಅಷ್ಟರಲ್ಲಿ ಸೊಂಟದ ಕೆಳಗೆ ಜೋಮು ಹಿಡಿದು ಕೂತಿತ್ತು. ಎಂಆರ್‌ಐ ಆಯಿತು. ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದರು. ನಮ್ಮದೇ ದೇಹದ ಕಾವಲುಗಾರರು ನಮ್ಮದೇ ನರಗಳ ಮೇಲಿನ ಹೊದಿಕೆಯನ್ನು ಹರಿದು ಹಾಕುತ್ತಿದ್ದಾರೆ, ಇದಕ್ಕೆ ಮಲ್ಟಿಪಲ್ ಸ್ಕ್ಲೆರೋಸಿಸ್ ಅಂತಾರೆ ಅಂದರು.

ಆ ಸೂಜಿಯ ಬಗ್ಗೆ ಒಂದು ಮಾತು ಹೇಳಲೇಬೇಕು, ಹಣ ಕೂಡಿಸುವ ಹುಚ್ಚು ನನಗೆ ಹಿಡಿದದ್ದೇ ಅದರಿಂದ. 1945ರಲ್ಲಿ ಸಿಲ್ವಿಯಾ ಲಾರಿ ಎಂಬ ಯುವತಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಒಂದು ಪುಟ್ಟ ಜಾಹೀರಾತು ಕೊಟ್ಟಳು. ತಮ್ಮನಿಗೆ ಎಂಎಸ್ ಇತ್ತು. ಈ ಕಾಯಿಲೆಯಿಂದ ಗುಣವಾದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ, ಅಷ್ಟೇ ಅದರ ಸಾರಾಂಶ. ಪತ್ರಗಳೇನೋ ಬಂದವು, ಆದರೆ ಗುಣವಾದವರಿಂದಲ್ಲ, ಅವಳ ಹಾಗೇ ಹುಡುಕುತ್ತಿದ್ದವರಿಂದ: ಯಾರಾದರೂ ಸಿಕ್ಕರೆ ನಮಗೂ ಹೇಳಿ ಅಂತ! ನಾನಾಗಿದ್ದರೆ ಆ ಪತ್ರಗಳನ್ನು ಮಡಚಿಟ್ಟು ಅತ್ತು ಸುಮ್ಮನಾಗುತ್ತಿದ್ದೆ. ಅವಳು ಅವರನ್ನೆಲ್ಲ ಕೂಡಿಸಿ 1946ರಲ್ಲಿ ಒಂದು ಸಂಸ್ಥೆ ಕಟ್ಟಿದಳು, ಅಮೆರಿಕದ ಇವತ್ತಿನ ನ್ಯಾಷನಲ್ ಎಂಎಸ್ ಸೊಸೈಟಿ ಅದೇ. ಜನ ಕೊಟ್ಟ ದುಡ್ಡಿನಿಂದ ಅದು ಶುರುವಿನಲ್ಲೇ ನೆರವಾದವರಲ್ಲಿ ಎಲ್ವಿನ್ ಕಬಾಟ್ ಎಂಬ ವಿಜ್ಞಾನಿ ಒಬ್ಬರು. ಎಂಎಸ್ ಇರುವವರ ಬೆನ್ನುಹುರಿಯ ನೀರಿನಲ್ಲಿರುವ ಪ್ರೋಟೀನುಗಳನ್ನು ಅಳೆಯುತ್ತಿದ್ದವರು ಅವರು. ನನ್ನ ಬೆನ್ನಿಂದ ತೆಗೆದ ನೀರಿನಲ್ಲಿ ಲ್ಯಾಬಿನವರು ಹುಡುಕಿದ್ದೂ ಅಂಥ ಪ್ರೋಟೀನುಗಳನ್ನೇ, ಆ ಕೆಲಸದ ಮುಂದುವರಿಕೆ ಅದು. ಅವತ್ತು ಲಕೋಟೆಯಲ್ಲಿ ಚಿಲ್ಲರೆ ಹಾಕಿ ಕಳಿಸಿದವರ ಹೆಸರು ಯಾರಿಗೂ ಗೊತ್ತಿಲ್ಲ. ಅವರಿಗೂ ಈ ಥ್ಯಾಂಕ್ಸ್‌ನಲ್ಲಿ ಪಾಲಿದೆ.

ಇನ್ನು ನೀವು.

ಎಕ್ಸೆಲ್ ಹಾಳೆ ನೋಡಿಕೊಂಡ ಗೆಳತಿಗೆ. ನಾನು ಒಂದೇ ಹೆಸರನ್ನು ಮೂರು ಸಲ ಬರೆದಿದ್ದೆ, ಬೈಯದೆ ತಿದ್ದಿದಳು. (ಬೈದಳು. ಸ್ವಲ್ಪ ಬೈದಳು.) ವಾರಕ್ಕೆ ಎರಡು ಸಲ ಬಂದು ಪಾದ ಎತ್ತುವುದನ್ನು ಮಗುವಿಗೆ ಕಲಿಸುವ ಹಾಗೆ ಕಲಿಸಿದ ಫಿಸಿಯೋಥೆರಪಿಸ್ಟ್‌ಗೆ. "ದುಡ್ಡು ಕೊಡಲ್ಲ, ಆದರೆ ಪಕ್ಕದಲ್ಲಿ ನಡೀತೀನಿ" ಅಂದು ಆಮೇಲೆ ಎರಡೂ ಮಾಡಿದ ಅಣ್ಣನಿಗೆ. ನನ್ನನ್ನು ಯೋಧೆ, ವೀರವನಿತೆ ಅಂತೆಲ್ಲ ಕರೆದವರಿಗೂ ಥ್ಯಾಂಕ್ಸ್, ಆದರೆ ದಯವಿಟ್ಟು ಬೇಡ, ನಾನು ಯಾವ ಯುದ್ಧವನ್ನೂ ಮಾಡಿಲ್ಲ, ಹೇಳಿದ ಹೊತ್ತಿಗೆ ಔಷಧಿ ತೆಗೆದುಕೊಂಡು ಎಡಗಾಲು ಎಳೆದುಕೊಂಡು ನಡೆದಿದ್ದೇನೆ. ಸಾಕ್ಷಿ ಬೇಕಾದರೆ ಎಡಗಾಲಿನ ಶೂ ನೋಡಿ. ಮೂರನೇ ಕಿಲೋಮೀಟರಿಗೇ ಅದರ ಮೂತಿ ಸವೆದು ಒಳಗಿನ ಬಿಳಿ ಬಟ್ಟೆ ಹೊರಗೆ ಬಂದಿತ್ತು, ಬಲಗಾಲಿನದು ಅಂಗಡಿಯಿಂದ ತಂದ ಹಾಗೇ ಇದೆ.

ಒಬ್ಬರು ಕೇಳಿದ ಪ್ರಶ್ನೆಗೆ ಅವತ್ತು ಸರಿಯಾಗಿ ಉತ್ತರ ಕೊಡಲಿಲ್ಲ, ಈಗ ಕೊಡುತ್ತೇನೆ. "ಔಷಧಿ ಕಂಪನಿಗಳ ಹತ್ತಿರ ಬೇಕಾದಷ್ಟು ದುಡ್ಡಿದೆ, ನಮ್ಮದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅಲ್ವಾ?" ಅಂದಿರಿ. ನಿಮ್ಮ ಮಾತಿನಲ್ಲಿ ಅರ್ಧ ಸತ್ಯ ಇದೆ. ಎಂಎಸ್‌ನ ದಾರಿಯನ್ನೇ ಬದಲಿಸುವ ಮೊದಲ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1993ರಲ್ಲಿ, ಈಗ ಅಂಥವು ಇಪ್ಪತ್ತಕ್ಕೂ ಜಾಸ್ತಿ ಇವೆ. ಅದರಲ್ಲಿ ಕಂಪನಿಗಳ ಹಣ ದೊಡ್ಡದು, ನಾನೇ ಅಂಥದ್ದೊಂದನ್ನು ತೆಗೆದುಕೊಳ್ಳುತ್ತಿದ್ದೇನೆ. ಆದರೆ ಅವುಗಳಲ್ಲಿ ಹೆಚ್ಚಿನವು ಹೊಸ ದಾಳಿಗಳನ್ನು ತಡೆಯುವಂಥವು. ದಾಳಿ ನಿಂತ ಮೇಲೂ ಒಳಗೊಳಗೇ ನರ ಸವೆಯುತ್ತಾ ಹೋಗುತ್ತದಲ್ಲ, ಅದಕ್ಕೆ ಇರುವುದು ಬಹಳ ಕಡಿಮೆ. ನನ್ನ ಶೂ ಹೇಳುವುದು ಅದರ ಕಥೆಯನ್ನೇ.

ಸಿಮ್ವಾಸ್ಟಾಟಿನ್ ಗೊತ್ತಲ್ಲ, ಕೊಲೆಸ್ಟ್ರಾಲ್ ಮಾತ್ರೆ. ಪೇಟೆಂಟ್ ಮುಗಿದು ಎಷ್ಟೋ ವರ್ಷವಾದ ಅಗ್ಗದ ಮಾತ್ರೆ. 2014ರಲ್ಲಿ ಬ್ರಿಟನ್ನಿನಲ್ಲಿ ಎಂಎಸ್ ಇರುವ 140 ಜನರ ಮೇಲೆ ಮಾಡಿದ ಪರೀಕ್ಷೆಯ ಫಲಿತಾಂಶ ಬಂತು, ಮಾತ್ರೆ ತಿಂದವರಲ್ಲಿ ಮಿದುಳು ಕುಗ್ಗುವ ವೇಗ ಶೇ. 43ರಷ್ಟು ಕಡಿಮೆಯಾಗಿತ್ತು. ಇಂಥ ಮಾತ್ರೆಯ ಮೇಲೆ ದೊಡ್ಡ ಪರೀಕ್ಷೆ ಮಾಡಲು ಯಾವ ಕಂಪನಿ ದುಡ್ಡು ಸುರಿಯುತ್ತದೆ ಹೇಳಿ, ಗೆದ್ದರೂ ಲಾಭ ಅದಕ್ಕೊಂದಕ್ಕೇ ಸಿಗುವುದಿಲ್ಲ. ಹಾಗಾಗಿ ಸರ್ಕಾರದ ಹಣದ ಜೊತೆ ಎಂಎಸ್ ಸಂಸ್ಥೆಗಳು ಜನರಿಂದ ಕೂಡಿಸಿದ ಹಣ ಸೇರಿಸಿ ದೊಡ್ಡ ಪರೀಕ್ಷೆ ನಡೆಯಿತು. 964 ಜನ. ಮೂರು ವರ್ಷ, ಕೆಲವರು ಇನ್ನೂ ಜಾಸ್ತಿ.

2024ರ ಸೆಪ್ಟೆಂಬರಿನಲ್ಲಿ ಫಲಿತಾಂಶ ಹೇಳಿದರು. ಉಪಯೋಗವಿಲ್ಲ.

ಅವತ್ತು ನಾನು ಫೋನು ತಲೆಕೆಳಗಾಗಿ ಇಟ್ಟು ಕೂತಿದ್ದೆ. ಸಿಟ್ಟು ಬಂದಿತ್ತು, ಯಾರ ಮೇಲೆ ಅಂತ ಗೊತ್ತಿರಲಿಲ್ಲ. ಆಮೇಲೆ ನಿಧಾನವಾಗಿ ಹೊಳೆಯಿತು: ಆ ಪರೀಕ್ಷೆ ನಡೆಯದೇ ಇದ್ದಿದ್ದರೆ ನನ್ನಂಥವರು ಆ 43 ಅನ್ನು ನೋಡಿಕೊಂಡು ವರ್ಷಗಟ್ಟಲೆ ಆ ಮಾತ್ರೆ ನುಂಗುತ್ತಾ, ಒಳ್ಳೆಯದಾಗುತ್ತಿದೆ ಅಂತ ನಂಬಿಕೊಂಡು ಇರುತ್ತಿದ್ದೆವು, ಮುಂದಿನ ಔಷಧಿ ಹುಡುಕುವವರೂ ಅದೇ ದಾರಿಯಲ್ಲಿ ಸುತ್ತುತ್ತಿದ್ದರು. ಇಲ್ಲ ಎಂಬ ಉತ್ತರಕ್ಕೂ ದುಡ್ಡು ಬೇಕು. ಕೊಡುವವರು ಬೇಕು. ಮೂರು ವರ್ಷ ದಿನಾ ತಪ್ಪದೆ, ತಾನು ನುಂಗುತ್ತಿರುವುದು ಔಷಧಿಯೋ ಸುಮ್ನೆ ಡಮ್ಮಿ ಮಾತ್ರೆಯೋ ಗೊತ್ತಿಲ್ಲದೆ ನುಂಗಿದ ಆ 964 ಜನ ಬೇಕು. ನಾನು ಅವರಲ್ಲಿ ಒಬ್ಬಳಲ್ಲ, ಅವರಲ್ಲಿ ಯಾರನ್ನೂ ನೋಡಿಲ್ಲ, ಆದರೂ ಕಾಲಿಗೆ ಬೀಳಬೇಕು ಅನ್ನಿಸುತ್ತದೆ. ಬಿದ್ದರೆ ಏಳುವುದು ಕಷ್ಟ, ಅದು ಬೇರೆ ವಿಷಯ.

ಈಗ ಬ್ರಿಟನ್ನಿನಲ್ಲೇ ಇನ್ನೊಂದು ಪರೀಕ್ಷೆ ನಡೆಯುತ್ತಿದೆ, ಆಕ್ಟೋಪಸ್ ಅಂತ ಹೆಸರು, ಒಂದೇ ಸಲಕ್ಕೆ ಹಲವು ಔಷಧಿ ಇಟ್ಟುಕೊಂಡು ಕೆಲಸ ಮಾಡದ್ದನ್ನು ನಡುವೆಯೇ ಕೈಬಿಟ್ಟು ಹೊಸದನ್ನು ಸೇರಿಸುವ ಬಗೆಯದು. ಶುರುವಿನ ಎರಡರಲ್ಲಿ ಒಂದು ಮೆಟ್‌ಫಾರ್ಮಿನ್, ಅದೇ ಸಕ್ಕರೆ ಕಾಯಿಲೆಯ ಮಾತ್ರೆ. ಇದಕ್ಕೂ ಅಲ್ಲಿನ ಎಂಎಸ್ ಸೊಸೈಟಿಯ ದಾನದ ಹಣವೇ ಆಸರೆ. ಏನಾಗುತ್ತದೋ. ಈ ಸಲ ಫೋನನ್ನು ತಲೆಕೆಳಗಾಗಿ ಇಡಬಾರದು ಅಂದುಕೊಂಡಿದ್ದೇನೆ, ನೋಡೋಣ.

ಹೆಸರು ಹೇಳದೆ ದುಡ್ಡು ಹಾಕಿ, "ಅಮ್ಮನಿಗಾಗಿ, ಅವರ ಕಾಲದಲ್ಲಿ ಏನೂ ಇರಲಿಲ್ಲ" ಅಂತ ಮಾತ್ರ ಬರೆದವರೇ, ನಿಮ್ಮ ಆ ಸಾಲನ್ನು ಮೂರ್ನಾಲ್ಕು ಸಲ ಓದಿದೆ. ಉತ್ತರ ಬರೆಯಲು ಹೋಗಿ ಬಿಟ್ಟೆ.

ಕೊನೆಗೆ ಆ ಕುರ್ಚಿ. ನೀಲಿ ಬಣ್ಣದ್ದು, ಮಡಚುವಂಥದ್ದು, ಒಂದು ಕೈ ಹಿಡಿಯ ಹತ್ತಿರ ಟೇಪು ಸುತ್ತಿದೆ. ಯಾರೋ ಒಬ್ಬರು ಐದು ಕಿಲೋಮೀಟರ್ ಉದ್ದಕ್ಕೂ ಅದನ್ನು ಹೊತ್ತುಕೊಂಡು ಬಂದಿದ್ದೀರಿ. ನಾನು ಎಲ್ಲಿ ನಿಂತರೂ ಹಿಂದೆ ಅದು ಬಿಚ್ಚಿ ರೆಡಿ ಇರುತ್ತಿತ್ತು, ಒಂದು ಸಲವೂ "ಕೂತ್ಕೊಳ್ಳಿ" ಅಂತ ಯಾರೂ ಹೇಳಲಿಲ್ಲ. ಎರಡು ಸಲ ಕೂತೆ. ತಿರುಗಿ ನೋಡುವ ತ್ರಾಣವೂ ಇರಲಿಲ್ಲ, ಹಾಗಾಗಿ ಮುಖ ನೋಡಿಲ್ಲ. ಕುರ್ಚಿ ನನ್ನ ಕಾರಿನಲ್ಲೇ ಉಳಿದು ಈಗ ಮನೆಯಲ್ಲಿದೆ, ಇದನ್ನು ಬರೆಯುತ್ತಿರುವುದೂ ಅದರ ಮೇಲೆ ಕೂತೇ. ಬಂದು ತೆಗೆದುಕೊಂಡು ಹೋಗಿ. ಜಾಸ್ತಿ ತಡ ಮಾಡಿದರೆ ಕೊಡುವುದು ಅನುಮಾನ.