ಮಗಳಿಗೊಂದು ಪತ್ರ: ಉಜೆಸ್‌ನಿಂದ ಅರ್ಧ ದಿನದ ದಾರಿಗಳು

ಪ್ರೀತಿಯ ಪುಟ್ಟಿ,

ಉಜೆಸ್‌ನಲ್ಲಿ ಮನೆ ಬಾಡಿಗೆಗೆ ಸಿಕ್ಕಿತು ಎಂದು ನೀನು ಹೇಳಿದಾಗಿನಿಂದ ನನಗೆ ಖುಷಿಯೋ ಖುಷಿ. ದಕ್ಷಿಣ ಫ್ರಾನ್ಸಿನಲ್ಲಿ ಅಷ್ಟೊಂದು ಊರುಗಳಿದ್ದರೂ, ನಾನೂ ನಿನ್ನಮ್ಮನೂ ಉಳಿದ ಊರನ್ನೇ ಆರಿಸಿಕೊಂಡಿದ್ದೀಯ. ನೀನು ಕಳಿಸಿದ ಪಟ್ಟಿಯನ್ನೂ ನೋಡಿದೆ. ಒಂದೇ ದಿನಕ್ಕೆ ಆವಿನ್ಯೋಂ, ಆರ್ಲ್, ಲೆ ಬೋ ಮೂರನ್ನೂ ಹಾಕಿದ್ದೀಯ. ಮಕ್ಕಳಿಬ್ಬರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಅಷ್ಟೆಲ್ಲ ಸುತ್ತಬೇಡ ಮಗಳೇ. ಬೆಳಿಗ್ಗೆ ಒಂದು ಜಾಗ, ಊಟದ ಹೊತ್ತಿಗೆ ವಾಪಸ್ ಮನೆ. ಸಾಕು. ಮೇ ತಿಂಗಳಲ್ಲಿ ಅಲ್ಲಿ ರಾತ್ರಿ ಒಂಬತ್ತರ ಹತ್ತಿರದವರೆಗೂ ಬೆಳಕಿರುತ್ತದೆ. ಮಧ್ಯಾಹ್ನ ಮಲಗಿ ಎದ್ದ ಮೇಲೂ ದಿನ ಉಳಿದಿರುತ್ತದೆ.

ಎಲ್ಲಿಗೆ ಹೋಗಬೇಕು ಅನ್ನುವುದಕ್ಕೆ ನನ್ನದೊಂದು ಆಸೆ ಇದೆ. ಆ ಊರಿನ ಕೆಳಗೆ ಹುಟ್ಟುವ ನೀರಿನ ಹಿಂದೆ ಹೋಗಿ. ಜೀವನವಿಡೀ ನೀರಿನ ಪೈಪುಗಳ ಜೊತೆ ಕೆಲಸ ಮಾಡಿದವನು ನಾನು, ಹಾಗಾಗಿ ಈ ಮಾತನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ.

ಮೊದಲ ಬೆಳಿಗ್ಗೆ ಕಾರು ಬೇಕಿಲ್ಲ. ಊರಿನಿಂದ ಕೆಳಗಿಳಿದರೆ ಯೂರ್ ಕಣಿವೆ. ಮರಗಳ ನೆರಳು, ಸಣ್ಣ ಹೊಳೆ, ಬುಗ್ಗೆ. ಸುಮಾರು 2000 ವರ್ಷಗಳ ಹಿಂದೆ ರೋಮನ್ನರು ಈ ಬುಗ್ಗೆಯ ನೀರನ್ನು ನೀಮ್ ನಗರಕ್ಕೆ ಒಯ್ದರು. ನೇರವಾಗಿ ಅಳೆದರೆ ನೀಮ್ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ ದೂರ. ಆದರೆ ನಡುವೆ ಗುಡ್ಡಗಳಿವೆ. ಅದಕ್ಕೇ ಕಾಲುವೆ ಗುಡ್ಡಗಳನ್ನು ಬಳಸಿಕೊಂಡು ಸುಮಾರು 50 ಕಿಲೋಮೀಟರ್ ಹೋಗುತ್ತದೆ. ಪಂಪಿಲ್ಲ, ಏನಿಲ್ಲ. ಇಡೀ ದಾರಿಯಲ್ಲಿ ಇಳಿಜಾರು ಹನ್ನೆರಡೂವರೆ ಮೀಟರ್‌ನಷ್ಟು ಮಾತ್ರ. ಅಂದರೆ ಕಿಲೋಮೀಟರಿಗೆ ಸರಾಸರಿ 25 ಸೆಂಟಿಮೀಟರ್, ಒಂದು ಗೇಣಿಗಿಂತ ತುಸು ಹೆಚ್ಚು. ಇವತ್ತಿನ ಉಪಕರಣಗಳನ್ನು ಕೈಗೆ ಕೊಟ್ಟು ಇದನ್ನು ಮಾಡು ಎಂದಿದ್ದರೂ ನನಗೆ ನಿದ್ದೆ ಬರುತ್ತಿರಲಿಲ್ಲ.

ಮಾರನೆಯ ದಿನ ಪೋಂ ದು ಗಾರ್. ಉಜೆಸ್‌ನಿಂದ ಸುಮಾರು 15 ಕಿಲೋಮೀಟರ್, ಡಿ981 ರಸ್ತೆ. ಎಂಟೂವರೆಗೆಲ್ಲ ಅಲ್ಲಿರಿ. ಹತ್ತರ ಮೇಲೆ ಪ್ರವಾಸಿ ಬಸ್ಸುಗಳು ಬರುತ್ತವೆ. ಆ ನೀರು ಗಾರ್ದೋಂ ನದಿಯನ್ನು ದಾಟಲು ಕಟ್ಟಿದ ಸೇತುವೆ ಇದು. ಮೂರು ಅಂತಸ್ತು, ಹತ್ತಿರ ಹತ್ತಿರ 49 ಮೀಟರ್ ಎತ್ತರ. ಕೆಳಗೆ 6 ಕಮಾನು, ನಡುವೆ 11, ಮೇಲೆ ಚಿಕ್ಕವು 35. ಮೊದಲು ಮೇಲೆ 47 ಇದ್ದವು. ಮಕ್ಕಳ ಕೈಲಿ ಎಣಿಸಿಸು, ಇಷ್ಟಪಡುತ್ತಾರೆ. ಕೆಳಗಿನ ಕಮಾನುಗಳ ಕಲ್ಲುಗಳಲ್ಲಿ ಕೆಲವು ಆರು ಟನ್ ತೂಗುತ್ತವೆ, ಅವುಗಳ ನಡುವೆ ಗಾರೆ ಇಲ್ಲ. ಗೋಡೆಯಿಂದ ಹೊರಗೆ ಚಾಚಿರುವ ಕಲ್ಲುಗಳು ಕಾಣುತ್ತವಲ್ಲ, ಅವು ಸಾರುವೆ ನಿಲ್ಲಿಸಲು ಬಿಟ್ಟವು. ಕೆಲಸ ಮುಗಿದ ಮೇಲೂ ಕೆತ್ತಿ ತೆಗೆಯಲಿಲ್ಲ. ಅದು ನನಗೆ ತುಂಬಾ ಹಿಡಿಸಿತು. ಕಟ್ಟಿದವರ ಕೈ ಎಲ್ಲಿ ಆಡಿತು ಅನ್ನುವುದು ಇವತ್ತಿಗೂ ಕಾಣುತ್ತದೆ. ನಂತರದ ಕಾಲದ ಕಲ್ಲುಕುಟಿಗರು ಬಂದು ಹೆಸರು, ಗುರುತು ಕೊರೆದು ಹೋಗಿದ್ದಾರೆ. ಅವನ್ನೂ ಹುಡುಕಿ.

ಕೆಳ ಅಂತಸ್ತಿಗೆ ಅಂಟಿಕೊಂಡಂತೆ ಇನ್ನೊಂದು ಸೇತುವೆ ಇದೆ. ಅದರ ಮೇಲೆಯೇ ನೀವು ನಡೆಯುವುದು. ಅದನ್ನು 1743ರಿಂದ 1747ರ ನಡುವೆ ಕಟ್ಟಿಸಿದವರು ಆನ್ರಿ ಪಿತೋ. ಹರಿಯುವ ನೀರಿನ ವೇಗ ಅಳೆಯುವ ಪಿಟೋ ಕೊಳವೆ ಅವರದೇ. ವಿಮಾನದ ವೇಗ ಅಳೆಯಲು ಇವತ್ತಿಗೂ ಅದೇ ತತ್ವ. ಅಳಿಯಂದಿರಿಗೆ ಹೇಳು, ಅವರು ಕಾಲೇಜಿನಲ್ಲಿ ಓದಿರುತ್ತಾರೆ. ಕಮಾನುಗಳಿಗೆ ಹೊಂದುವ ಹಾಗೆ, ಹಳೆಯದಕ್ಕೆ ಎದುರಾಡದೆ ಕಟ್ಟಿದ್ದಾರೆ. ಹಳೆಯ ಕಟ್ಟಡದ ಪಕ್ಕ ಹೊಸದು ಕಟ್ಟುವವರೆಲ್ಲ ಒಮ್ಮೆ ನೋಡಬೇಕು.

ಅತ್ಯಂತ ಮೇಲೆ ನೀರು ಹರಿದ ಕಾಲುವೆ ಇದೆ. ಗೈಡ್ ಜೊತೆ ಮಾತ್ರ ಒಳಗೆ ಬಿಡುತ್ತಾರೆ. ಮೊದಲೇ ವಿಚಾರಿಸಿ ಟಿಕೆಟ್ ತಗೋ. ಒಳಗೋಡೆಯ ಮೇಲೆ ಸುಣ್ಣದ ದಪ್ಪ ಪದರ ಕಾಣುತ್ತದೆ. ಬೋರ್‌ವೆಲ್ ನೀರಿಗೆ ನಮ್ಮ ಗೀಸರ್ ಒಳಗೆ ಕಟ್ಟುತ್ತದಲ್ಲ, ಹಾಗೆಯೇ. ನೂರಾರು ವರ್ಷ ನೀರು ಹರಿದು ಸುಣ್ಣ ಕಟ್ಟಿ ಕಾಲುವೆ ಕಿರಿದಾಗುತ್ತಾ ಬಂತು. ರೋಮನ್ನರ ಆಡಳಿತ ಕುಸಿದ ಮೇಲೆ ಅದನ್ನು ಕೆರೆದು ತೆಗೆಯುವವರೂ ಇಲ್ಲವಾದರು. ಹಂಪಿಯಲ್ಲಿ ಕಂಬಗಳ ಮೇಲಿನ ಕಲ್ಲಿನ ಕಾಲುವೆಯ ಮುಂದೆ ನಿಂತು ನಿನಗೆ ಇದನ್ನೇ ಹೇಳಿದ್ದೆ. ಕಟ್ಟುವುದಕ್ಕಿಂತ ಕಷ್ಟ ದಿನಾ ನೋಡಿಕೊಳ್ಳುವುದು.

ಮೂರನೆಯ ಬೆಳಿಗ್ಗೆ ನೀಮ್. ಸುಮಾರು 25 ಕಿಲೋಮೀಟರ್. ಡಿ979ರಲ್ಲೇ ಹೋಗಿ. ಗಾರ್ದೋಂ ಕಣಿವೆಗೆ ಇಳಿದು, ಸೇಂ ನಿಕೋಲಾ ಎಂಬ ಹಳೆಯ ಸೇತುವೆಯ ಹತ್ತಿರ ನದಿ ದಾಟುವ ರಸ್ತೆ ಅದು, ತಿರುವುಗಳು ಜಾಸ್ತಿ. ನಗರದಲ್ಲಿ ರೋಮನ್ನರ ದೊಡ್ಡ ಅಖಾಡ ಇದೆ, ಮೇಸೋಂ ಕಾರೇ ಎಂಬ ದೇವಾಲಯ ಇದೆ. ಅವನ್ನು ಯಾರಾದರೂ ತೋರಿಸುತ್ತಾರೆ. ಅವಕ್ಕಿಂತ ಮೊದಲು ಲಾಂಪೆಜ್ ಬೀದಿಗೆ ಹೋಗು. ರಸ್ತೆ ಪಕ್ಕದಲ್ಲಿ ಕಂಬಿಯ ಹಿಂದೆ ಒಂದು ದುಂಡನೆಯ ಕಲ್ಲಿನ ತೊಟ್ಟಿ. ಉಜೆಸ್‌ನಿಂದ ಬಂದ ನೀರು ಬಂದು ಬೀಳುತ್ತಿದ್ದದ್ದು ಇಲ್ಲಿ. ತೊಟ್ಟಿಯ ಗೋಡೆಯಲ್ಲಿ ಹತ್ತು ದುಂಡು ತೂತುಗಳಿವೆ. ಸೀಸದ ಪೈಪುಗಳ ಮೂಲಕ ಅಲ್ಲಿಂದ ನೀರು ಊರಿಗೆಲ್ಲ ಹಂಚಿಹೋಗುತ್ತಿತ್ತು. ಹೆಚ್ಚು ಜನ ನಿಲ್ಲುವ ಜಾಗವಲ್ಲ. ನಾನು ಮಾತ್ರ ಅಲ್ಲಿಂದ ಬೇಗ ಕದಲಲಿಲ್ಲ. ಬುಗ್ಗೆ ನೋಡಿ, ಸೇತುವೆ ನೋಡಿ ಬಂದವರಿಗೆ ಈ ಪುಟ್ಟ ತೊಟ್ಟಿ ಅಖಾಡಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಇನ್ನು ಉಳಿದ ದಿನಗಳು. ಸೇಂ ಕಾಂತಾಂ ಲಾ ಪೋತ್ರಿ ಹತ್ತಿರದಲ್ಲೇ ಇದೆ, ಕುಂಬಾರರ ಊರು. ಆಂದ್ಯೂಜ್ ಬಳಿಯ ಬಿದಿರಿನ ತೋಟ 1856ರದು, ಮಕ್ಕಳಿಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಆವಿನ್ಯೋಂ ಸುಮಾರು 40 ಕಿಲೋಮೀಟರ್, ಅದಕ್ಕೂ ಅರ್ಧ ದಿನ ಕೊಡಬಹುದು, ಪೋಪ್ ಅರಮನೆ ಒಂದನ್ನೇ ನೋಡುವುದಾದರೆ. ಲಾ ರೋಕ್ ಸುರ್ ಸೆಜ್ ಹತ್ತಿರದ ಜಲಪಾತಕ್ಕೆ ಹೋದರೆ ದಡದಲ್ಲೇ ಇರಿ. ಬಂಡೆಗಳ ಸಂದಿನಲ್ಲಿ ಸುಳಿಗಳಿವೆ, ಜನ ಸತ್ತಿದ್ದಾರೆ, ಅಲ್ಲಿ ಈಜುವುದು ನಿಷೇಧ. ಈ ಮಾತು ದಯವಿಟ್ಟು ಮರೆಯಬೇಡ.

ಕಾರಿನ ವಿಷಯ. ಆಟೋಮ್ಯಾಟಿಕ್ ಗಾಡಿಯನ್ನೇ ಕೇಳು. ಬಲಗಡೆ ಓಡಿಸುವಾಗ ಗೇರ್ ಬಲಗೈಗೆ ಬರುತ್ತದೆ, ಮೊದಲ ದಿನ ಅದೊಂದು ಗೊಂದಲ ಬೇಡ. ಹಳ್ಳಿಯ ಒಳರಸ್ತೆಗಳಲ್ಲಿ ಬೋರ್ಡ್ ಇಲ್ಲದಿದ್ದರೆ ಬಲಗಡೆಯಿಂದ ಬರುವವರಿಗೆ ಮೊದಲು ದಾರಿ. ಸಣ್ಣ ಓಣಿಯಿಂದ ಬಂದರೂ ಅಷ್ಟೇ. ವೃತ್ತದಲ್ಲಿ ಮಾತ್ರ ಸಾಮಾನ್ಯವಾಗಿ ಒಳಗಿರುವವರಿಗೆ ಮೊದಲ ಹಕ್ಕು. ಬಂಕಿನಲ್ಲಿ 'ಗಾಝೋಲ್' ಎಂದು ಬರೆದಿದ್ದರೆ ಅದು ಡೀಸೆಲ್. ಬ್ಯಾಗನ್ನು ಸೀಟಿನ ಮೇಲೆ ಬಿಟ್ಟು ಇಳಿಯಬೇಡಿ. ಹೋಟೆಲುಗಳಲ್ಲಿ ಊಟ ಹನ್ನೆರಡರಿಂದ ಎರಡು, ಆಮೇಲೆ ಅಡುಗೆಮನೆ ಮುಚ್ಚುವುದೇ ಹೆಚ್ಚು. ಊಟಕ್ಕೆ ಮನೆಗೆ ಬನ್ನಿ ಅಂದದ್ದು ಅದಕ್ಕೂ ಹೌದು.

ಶನಿವಾರ ಬೆಳಿಗ್ಗೆ ಕಾರು ತೆಗೆಯಲೇಬೇಡ. ಅವತ್ತು ಉಜೆಸ್‌ನಲ್ಲಿ ದೊಡ್ಡ ಸಂತೆ, ತೆಗೆದರೆ ಮತ್ತೆ ನಿಲ್ಲಿಸಲು ಜಾಗ ಸಿಗುವುದಿಲ್ಲ. ಬುಟ್ಟಿ ಹಿಡಿದು ನಡೆದೇ ಹೋಗಿ. ಆಲಿವ್, ಆಡಿನ ಹಾಲಿನ ಚೀಸ್, ಚೆರ್ರಿ ಬಂದಿದ್ದರೆ ಚೆರ್ರಿ.

ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್‌ಗೆ ಈ ವಾರವೇ ಅರ್ಜಿ ಹಾಕು. ಬಾಡಿಗೆ ಕಾರಿನ ಇನ್ಶೂರೆನ್ಸ್ ಕಾಗದವನ್ನು ಸಹಿ ಮಾಡುವ ಮೊದಲು ನನಗೊಮ್ಮೆ ಕಳಿಸು, ಓದಿ ಹೇಳುತ್ತೇನೆ.

ನಿನ್ನ
ಅಪ್ಪ