ಟೈಲ್ಸ್ ಹಿಂದಿನ ತಪ್ಪಿಗೆ ಮನೆಯವರೇಕೆ ದುಡ್ಡು ತೆರಬೇಕು?

ಮಾನ್ಯ ಸಂಪಾದಕರೇ,

ಈ ಸಲದ ಆಷಾಢದಲ್ಲಿ ಒಂದು ಬೆಳಿಗ್ಗೆ ಕೆಳಗಿನ ಮನೆಯ ಹುಡುಗಿ ಬಂದು, "ಆಂಟಿ, ನಮ್ಮ ಬಾತ್‌ರೂಮ್ ಸೀಲಿಂಗ್‌ನಲ್ಲಿ ನೀರು ಜಿನುಗ್ತಿದೆ, ಒಂದ್ಸಲ ಬಂದು ನೋಡ್ತೀರಾ?" ಅಂದಳು. ಹೋಗಿ ನೋಡಿದರೆ ಅಂಗೈಯಗಲ ಒದ್ದೆ, ಬಣ್ಣ ಹಪ್ಪಳದ ಹಾಗೆ ಉಬ್ಬಿ ಎದ್ದಿತ್ತು. ಆ ಒದ್ದೆಯ ಮೂಲ ಹುಡುಕುತ್ತ ಎರಡು ತಿಂಗಳು ಅಲೆದೆ. ತಿಳಿದದ್ದನ್ನು ನಮ್ಮಂತೆಯೇ ಸಾಲ ಮಾಡಿ ಫ್ಲಾಟ್ ಕೊಂಡವರಿಗೆ ಹೇಳಲೇಬೇಕು ಅನಿಸಿ ಬರೆಯುತ್ತಿದ್ದೇನೆ.

ವೈಟ್‌ಫೀಲ್ಡ್ ಕಡೆಯ ಈ ಫ್ಲಾಟಿಗೆ ನಾವು ಬಂದದ್ದು 2022ರ ಜೂನ್‌ನಲ್ಲಿ. ಮೊದಲು ಬಿಲ್ಡರ್ ಕಚೇರಿಗೆ ಫೋನ್ ಮಾಡಿದೆ. "ಪ್ಲಂಬಿಂಗ್ ವಾರಂಟಿ ಒಂದೇ ವರ್ಷ ಮೇಡಂ, ಅದೂ ನಲ್ಲಿ, ಶವರ್‌ಗೆ ಮಾತ್ರ. ಗೋಡೆಯೊಳಗಿನ ಲೈನ್ ನೀವೇ ನೋಡ್ಕೋಬೇಕು" ಎಂದರು. ನಾನು ನಂಬಿದೆ. ಮೊಬೈಲ್ ಆ್ಯಪ್‌ನಲ್ಲಿ ಬುಕ್ ಮಾಡಿ ಕರೆಸಿದ ಪ್ಲಂಬರ್ ಇಪ್ಪತ್ತು ನಿಮಿಷ ಟಾರ್ಚ್ ಹಿಡಿದು ನೋಡಿ, ಎರಡೂ ಬಾತ್‌ರೂಮಿನ ಕನ್ಸೀಲ್ಡ್ ಲೈನ್, ಅಂದರೆ ಗೋಡೆಯೊಳಗಿನ ಪೈಪು, ಪೂರ್ತಿ ಬದಲಾಯಿಸಬೇಕು, ಟೈಲ್ಸ್, ವಾಟರ್‌ಪ್ರೂಫಿಂಗ್ ಎಲ್ಲ ಸೇರಿ 78,000 ರೂಪಾಯಿ ಎಂದ. ಎಲ್ಲಿ ಸೋರುತ್ತಿದೆ ಎಂದು ಕೇಳಿದರೆ, "ಗೋಡೆ ಒಡೀದೆ ಹೇಳಕ್ಕಾಗಲ್ಲ" ಎಂದ. ಅರ್ಧ ದುಡ್ಡು ಅಡ್ವಾನ್ಸ್ ಬೇರೆ. ಕೆಳಗಿನವರ ಮನೆ ಹಾಳಾಗುತ್ತಿದೆಯಲ್ಲ ಎಂಬ ಸಂಕೋಚದಲ್ಲಿ ನಾನು ಹೂಂ ಅನ್ನುವುದರಲ್ಲಿದ್ದೆ.

ತಡೆದದ್ದು ನನ್ನ ತಮ್ಮ. ತಾಯಿಯ ಮನೆಗೆ ಮೂವತ್ತು ವರ್ಷದಿಂದ ಬರುತ್ತಿದ್ದ ಹಳೆಯ ಪ್ಲಂಬರ್‌ನನ್ನು ಕಳಿಸಿಕೊಟ್ಟ. ಅವರು ಸುತ್ತಿಗೆ ಮುಟ್ಟಲಿಲ್ಲ. ನಲ್ಲಿ, ಶವರ್ ಬಿಚ್ಚಿ ಪೈಪಿನ ಬಾಯಿಗಳಿಗೆಲ್ಲ ಪ್ಲಗ್ ಹಾಕಿದರು, ವಾಲ್ವ್ ಮುಚ್ಚಿದರು, ಗೇಜ್ ಇರುವ ಸಣ್ಣ ಕೈಪಂಪು ಜೋಡಿಸಿ ನೀರು ಒತ್ತಿದರು. ತಣ್ಣೀರಿನ ಲೈನಿನಲ್ಲಿ ಗೇಜಿನ ಮುಳ್ಳು ಅರ್ಧ ಗಂಟೆಯಾದರೂ ಕದಲಲಿಲ್ಲ. ಬಿಸಿನೀರಿನ ಲೈನಿಗೆ ಹಾಕಿದಾಗ ನಮ್ಮ ಕಣ್ಣೆದುರೇ ಇಳಿಯತೊಡಗಿತು. ನೀರನ್ನು ಶವರ್‌ಗೋ ನಲ್ಲಿಗೋ ತಿರುಗಿಸುವ ಡೈವರ್ಟರ್ ಹತ್ತಿರದ ಒಂದೇ ಒಂದು ಟೈಲ್ ತೆಗೆದರು. ಒಳಗೆ ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪನ್ನು ತಿರುವಿನಲ್ಲಿ ಜೋಡಿಸುವ ಎಲ್ಬೋ. ಅದನ್ನು ಅವರು ಕೈಯಲ್ಲಿ ತಿರುಗಿಸಿ ಎಳೆದರೆ ಬಂದೇ ಬಿಟ್ಟಿತು. ಅಂಟಿನ ಗುರುತು ಕೂಡ ಇಲ್ಲ. ಕಟ್ಟುವಾಗ ಸಾಲ್ವೆಂಟ್ ಸಿಮೆಂಟ್ ಎಂಬ ಅಂಟು ಬಳಿಯದೆ ಪೈಪನ್ನು ಬರೀ ತುರುಕಿ, ಮೇಲೆ ಗಾರೆ ಮೆತ್ತಿ ಟೈಲ್ಸ್ ಹಾಕಿದ್ದರು. ಮೂರು ವರ್ಷ ಅದು ಗಾರೆಯ ಬಿಗಿಯಲ್ಲಿ ನಿಂತಿತ್ತು, ಅಷ್ಟೆ. ಟೆಸ್ಟಿಂಗ್, ಎಲ್ಬೋ, ಟೈಲ್ ಎಲ್ಲ ಸೇರಿ ಅವರು ತೆಗೆದುಕೊಂಡದ್ದು 6,500 ರೂಪಾಯಿ.

ಆ್ಯಪ್‌ನಿಂದ ಬಂದ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಊರು ಬಿಟ್ಟು ಬಂದು ದುಡಿಯುವವನು. ಆದರೆ ಹೀಗೆ ನೀರು ಒತ್ತಿ ನೋಡುವ ಪ್ರೆಶರ್ ಟೆಸ್ಟ್ ಮಾಡದೆ ಗೋಡೆ ಒಡೆಯಲು ಹೊರಡುವುದನ್ನು ನಾವು ಒಪ್ಪಲೇಬಾರದು. ಗೋಡೆಯೊಳಗೆ ಏನಿದೆಯೆಂದು ನಮಗೆ ಗೊತ್ತಿಲ್ಲ ಎಂಬುದರ ಮೇಲೆಯೇ ಈ ಸಾವಿರಾರು ರೂಪಾಯಿಗಳ ಅಂದಾಜು ನಿಂತಿರುತ್ತದೆ.

ಆ ಒಂದು ವರ್ಷದ ವಾರಂಟಿಯ ಮಾತೂ ತಪ್ಪೆಂದು ಆಮೇಲೆ ತಿಳಿಯಿತು. 2016ರ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ರೇರಾದ ಸೆಕ್ಷನ್ 14(3) ಓದಿ ನೋಡಿ. ಮನೆ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಾಗಲಿ, ಕೆಲಸಗಾರಿಕೆಯಲ್ಲಾಗಲಿ, ಗುಣಮಟ್ಟದಲ್ಲಾಗಲಿ ದೋಷ ಕಂಡು ಬಿಲ್ಡರ್ ಗಮನಕ್ಕೆ ತಂದರೆ, 30 ದಿನದೊಳಗೆ ಅವರೇ, ಒಂದು ಪೈಸೆ ಹೆಚ್ಚುವರಿ ಕೇಳದೆ, ಸರಿಪಡಿಸಬೇಕು. ಮಾಡದಿದ್ದರೆ ಪರಿಹಾರ ಕೇಳುವ ಹಕ್ಕು ನಮಗಿದೆ. ಅಂಟು ಹಾಕದ ಎಲ್ಬೋಗಿಂತ ಸ್ಪಷ್ಟವಾದ ಕೆಲಸದ ದೋಷ ಇನ್ಯಾವುದಿದೆ? ನಲ್ಲಿ ಕಂಪನಿಯ ವಾರಂಟಿ ಬೇರೆ, ಬಿಲ್ಡರ್ ಹೊಣೆ ಬೇರೆ. ಎರಡನ್ನೂ ಕಲಸಿ ಹೇಳಿದರೆ ನಮ್ಮಂಥವರು ನಂಬಿಬಿಡುತ್ತೇವೆ.

ಗೃಹಸಾಲದ ಜತೆ ಮಾಡಿಸಿದ್ದ ವಿಮೆಯ ಕಾಗದವನ್ನೂ ಹುಡುಕಿ ತೆಗೆದೆ. 2021ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಕೊಡುವ 'ಭಾರತ್ ಗೃಹ ರಕ್ಷಾ' ಪಾಲಿಸಿ ಅದು. ಪೈಪು, ಟ್ಯಾಂಕು ಒಡೆದು ನೀರು ನುಗ್ಗಿ ಆದ ನಷ್ಟಕ್ಕೆ ಅದರಲ್ಲಿ ರಕ್ಷಣೆ ಇದೆ. ಸವೆತಕ್ಕೆ, ನಿಧಾನವಾಗಿ ಆದ ಹಾನಿಗೆ ಇಲ್ಲ. ಪಕ್ಕದ ಬ್ಲಾಕಿನವರೊಬ್ಬರು ವರ್ಷಕ್ಕಿಷ್ಟು ಎಂದು ಕಟ್ಟಿ ಪ್ಲಂಬಿಂಗ್ ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆ ಒಪ್ಪಂದ, ಮಾಡಿಸಿದ್ದರು. ಸೋರಿಕೆ ಬಂದಾಗ ಕಂಪನಿಯವರು ತೋರಿಸಿದ್ದು ಕೊನೆಯ ಪುಟದ ಸಣ್ಣಕ್ಷರ: ಗೋಡೆಯೊಳಗಿನ ಪೈಪು ಸೇರುವುದಿಲ್ಲ. ದುಡ್ಡು ಕಟ್ಟುವ ಮೊದಲು ಆ ಪುಟ ಓದಿ.

ನಾನು ಮಾಡಿದ ತಪ್ಪೊಂದನ್ನು ಇನ್ನೊಬ್ಬರು ಮಾಡಬಾರದು. ನಾನು ಬಿಲ್ಡರ್‌ಗೆ ಇಮೇಲ್ ಕಳಿಸಿದ್ದು ರಿಪೇರಿ ಮುಗಿದ ಮೇಲೆ. ಈಗ ಅವರು "ನಮಗೆ ನೋಡಲು ಅವಕಾಶವನ್ನೇ ಕೊಡಲಿಲ್ಲ" ಎನ್ನುತ್ತಿದ್ದಾರೆ. ಸೋರಿಕೆ ಕಂಡ ದಿನವೇ ಆ ಬಾತ್‌ರೂಮಿನ ವಾಲ್ವ್ ಮುಚ್ಚಿ, ತಾರೀಖು ಹಾಕಿ ಫೋಟೋ ಸಮೇತ ಇಮೇಲ್ ಮಾಡಿ, ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ. ಗೋಡೆ ಒಡೆಯುವುದು ಆಮೇಲೆ. ಯಾರೇ ರಿಪೇರಿ ಮಾಡಲಿ, ಅಂದಾಜನ್ನು ಬರಹದಲ್ಲಿ ಕೇಳಿ, ಬಿಲ್ ಇಲ್ಲದೆ ದುಡ್ಡು ಕೊಡಬೇಡಿ, ತೆಗೆದ ಹಳೆಯ ಸಾಮಾನನ್ನು ಎಸೆಯಬೇಡಿ. ರಿಪೇರಿಯವರು ಮೋಸ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರಿಗೆ ಶುಲ್ಕವೂ ಇಲ್ಲ.

ಕರ್ನಾಟಕ ರೇರಾ ಪ್ರಾಧಿಕಾರಕ್ಕೆ ನನ್ನದೊಂದು ಮನವಿ. ಬೀಗದ ಕೈ ಕೊಡುವ ದಿನ ಬಿಲ್ಡರ್ ಕೊಡುವ ಪತ್ರದಲ್ಲಿ 5 ವರ್ಷದ ಈ ಹೊಣೆಯನ್ನು ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ. ನಕ್ಷೆಗಳನ್ನು ನಿವಾಸಿಗಳ ಸಂಘಕ್ಕೆ ಒಪ್ಪಿಸಬೇಕೆಂದು ಕಾಯ್ದೆಯಲ್ಲೇ ಇದೆ. ಅದರ ಜತೆ ಪ್ರತಿ ಮನೆಗೂ ಪೈಪುಗಳ ನಕ್ಷೆ ಮತ್ತು ಟೈಲ್ಸ್ ಹಾಕುವ ಮೊದಲು ಮಾಡಿದ ಪ್ರೆಶರ್ ಟೆಸ್ಟಿನ ವರದಿ ಸಿಗಬೇಕು. ಆ ಟೆಸ್ಟನ್ನು ನಮ್ಮ ಕಟ್ಟಡದಲ್ಲಿ ಸರಿಯಾಗಿ ಮಾಡಿದ್ದರೆ ಈ ಎಲ್ಬೋ ಅಂದೇ ಕಳಚಿ ಬೀಳುತ್ತಿತ್ತು.

ನಮ್ಮ ಬ್ಲಾಕಿನಲ್ಲಿ 48 ಮನೆಗಳಿವೆ. ಎಲ್ಲಕ್ಕೂ ಪೈಪು ಹಾಕಿದ್ದು ಒಂದೇ ತಂಡ, ಮತ್ತು ನಮ್ಮ 5 ವರ್ಷ 2027ರ ಜೂನ್‌ಗೆ ಮುಗಿಯುತ್ತದೆ. ಮುಂದಿನ ಭಾನುವಾರ ಸಂಘದ ಸಭೆಯಲ್ಲಿ ಎಲ್ಲ ಮನೆಗಳಿಗೂ ಪ್ರೆಶರ್ ಟೆಸ್ಟ್ ಮಾಡಿಸುವ ಬಗ್ಗೆ, ಸೋರುವ ಮನೆಗಳೆಲ್ಲ ಸೇರಿ ಬಿಲ್ಡರ್‌ಗೆ ನೋಟಿಸ್ ಕೊಡುವ ಬಗ್ಗೆ ಮಾತಾಡುತ್ತೇವೆ. ಆ ಎಲ್ಬೋವನ್ನು ಒಂದು ಕವರಿನಲ್ಲಿ ಹಾಕಿ ತೆಗೆದಿಟ್ಟಿದ್ದೇನೆ, ಸಭೆಗೆ ಒಯ್ಯುತ್ತೇನೆ.

ಇತಿ,
ನಿವೃತ್ತ ಶಿಕ್ಷಕಿ, ಬೆಂಗಳೂರು