ಹಾರದ ರಾಕೆಟ್ಟಿನ ಹತ್ರ ಹೋಗಬ್ಯಾಡ್ರಿ: ಪಾಲಕರಿಗೆ ಒಂದು ಪತ್ರ

ಎಲ್ಲಾ ಪಾಲಕರಿಗೆ ನಮಸ್ಕಾರ್ರೀ,

ಮೊನ್ನೆ ಶನಿವಾರ ಒಂಬತ್ತನೇ ಕ್ಲಾಸಿನ ಹುಡುಗನ ಪಾಟಿಚೀಲದಾಗ ಪಟಾಕಿ ಮದ್ದು ತುಂಬಿದ ಕೊಳವಿ ಸಿಕ್ತು, ಬುಡಕ್ಕ ಬತ್ತಿನೂ ಸಿಗಿಸಿದ್ದ. ಕೇಳಿದ್ರ, ಸರ್ ರಾಕೆಟ್ ಮಾಡೀನ್ರಿ, ಅಮೆರಿಕಾದಾಗ ಹಾರಸೋದು ಮೊಬೈಲ್ನಾಗ ನೋಡೀನಿ ಅಂದ. ನಾ ಬೈಲಿಲ್ಲ, ರಾಕೆಟ್ ಅಂದ್ರ ಕಣ್ಣರಳಸೋ ಹುಡುಗ್ರು ನಮ್ಮ ಸಾಲಿಗೆ ಬೇಕು. ಆದ್ರ ಆ ವಿಡಿಯೋದಾಗ ಕಾಣದ ಮಾತು ನಿಮಗ ಹೇಳಲೇಬೇಕು.

ಅಲ್ಲಿ ಹವ್ಯಾಸಕ್ಕ ಹಾರಸೋ ದೊಡ್ಡ ರಾಕೆಟ್ಟಿಗೆ ಹಾಕೋದು ಕಂಪನಿ ಮಾಡಿದ ಮೋಟರ್, ಅಂದ್ರ ಇಂಧನ ತುಂಬಿದ ಕೊಳವಿ, ಮನ್ಯಾಗ ಮದ್ದು ಕುಟ್ಟಿ ತುಂಬಿದ್ದಲ್ಲ. ಎ, ಬಿ, ಸಿ ಅಂತ ಅಕ್ಷರ ಇರತಾವ, ಒಂದಕ್ಷರ ಮ್ಯಾಲೇರಿದ್ರ ತಾಕತ್ತಿನ ಮಿತಿ ಡಬಲ್, ಎಚ್‌ನಿಂದ ಮ್ಯಾಲಿಂದು ಹೈ ಪವರ್, ಅದರ ಜವಾಬ್ದಾರಿ ಸರ್ಟಿಫಿಕೇಟ್ ತಗೊಂಡ ದೊಡ್ಡವರದು. ಕಡ್ಡಿ ಗೀರಿ ಹಚ್ಚೋ ಮಾತೇ ಇಲ್ರಿ. ತೆಳು ವೈರಿನ ತುದಿಗೆ ಚೂರು ಮದ್ದಿರೋ, ಕರೆಂಟ್ ಬಿಟ್ರ ಹತ್ತೋ ಇಗ್ನೈಟರ್ ಇರತೈತಿ, ರಾಕೆಟ್ ಮುಗಿಲಿಗೆ ಮುಖ ಮಾಡಿ ನಿಂತ ಮ್ಯಾಲೇ ಅದನ್ನ ಮೋಟರಿನೊಳಗ ಮ್ಯಾಲಿನ ತುದಿ ಮುಟ್ಟೋತನಕ ಏರಸತಾರ. ಬ್ಯಾಟರಿಯಿಂದ ಬರೋ ವೈರಿನ ಕ್ಲಿಪ್ ಇಗ್ನೈಟರಿಗೆ ಹಾಕೋ ಮೊದಲು ಎರಡೂ ಕ್ಲಿಪ್ ಒಂದಕ್ಕೊಂದು ತಾಗಿಸಿ ನೋಡತಾರ, ಕಿಡಿ ಹಾರಿದ್ರ ವೈರಿನಾಗ ಕರೆಂಟ್ ಐತಿ, ಅಲ್ಲಿಗೇ ಕೆಲಸ ನಿಲ್ಲಸಬೇಕು. ದೂರದಿಂದ ಕರೆಂಟ್ ಬಿಡೋ ಬಟನ್ ಡಬ್ಬಿಗೆ ಒಂದು ಸೇಫ್ಟಿ ಚಾವಿ, ಅದಿಲ್ಲದ ಕರೆಂಟ್ ಹರಿಯಂಗಿಲ್ಲ, ವೈರ್ ಜೋಡಸಾಂವ ಆ ಚಾವಿ ತನ್ನ ಕಿಸೆದಾಗ ಇಟಗೊಂಡೇ ಹೋಗಬೇಕು ಅಂತ ನನಗ ಅನಸತೈತಿ. ಎಚ್ ಮೋಟರಿಗೆ ಕಡಿಮಿ ಅಂದ್ರೂ 100 ಅಡಿ ದೂರ, ಸುತ್ತ ಒಣಹುಲ್ಲು ಇರಬಾರದು.

ಬಟನ್ ಒತ್ತಿದ್ರೂ ಹಾರಲಿಲ್ಲ ಅನ್ರಿ. ಚಾವಿ ತಗದು, ಇಲ್ಲಾ ಬ್ಯಾಟರಿ ಬಿಚ್ಚಿ, 60 ಸೆಕೆಂಡ್ ಯಾರೂ ಹತ್ರ ಹೋಗಂಗಿಲ್ಲ. ಈ 60 ಸೆಕೆಂಡಿನ ಸಲುವಾಗೇ ನಾ ಪತ್ರ ಬರದದ್ದು. ನಾ ಐದನೇತ್ತೆ ಇದ್ದಾಗ ದೀಪಾವಳಿಗೆ ಹೂಕುಂಡ ಹತ್ತಲಿಲ್ಲ ಅಂತ ನಮ್ಮಣ್ಣ ಬಗ್ಗಿ ಊದಿದ. ಅವ್ವ ಸೆರಗ ಒದ್ದಿ ಮಾಡಿ ಅವನ ಮುಖದ ಮ್ಯಾಲೆ ಒತ್ತಿ ಹಿಡದದ್ದು, ಸೆರಗಿನ ತುಂಬ ಕರೀ ಮಸಿ ಆಗಿದ್ದು ಈಗೂ ಕಣ್ಮುಂದ ಐತಿ. ಅಣ್ಣಗ ಬಲಗಣ್ಣು ಇವತ್ತಿಗೂ ಮಸಕು.

ನಮ್ಮ ಮಲಿಕ್-ಎ-ಮೈದಾನ್ ತೋಪಿನ ಬಾಜೂಕ ನೀರಿನ ತೊಟ್ಟಿ ನೋಡೀರಲ್ರಿ, ಬತ್ತಿ ಹಚ್ಚಿದಾಂವ ಅದರಾಗ ಮುಳಗತಿದ್ದ ಅಂತ ಊರಾಗ ಹೇಳತಾರ. ಬೆಂಕಿ ಹಚ್ಚಿದ ಮ್ಯಾಲೆ ದೂರ ಆಗಬೇಕು ಅನ್ನೂದು ಹಿಂದಿನವರಿಗೂ ಗೊತ್ತಿತ್ತು.

ಅದಕ್ಕ ಫೆಬ್ರುವರಿ 28, ರಾಷ್ಟ್ರೀಯ ವಿಜ್ಞಾನ ದಿನ, ಸಾಲಿ ಮೈದಾನದಾಗ ಮದ್ದಿಲ್ಲದ ನೀರಿನ ರಾಕೆಟ್ ಹಾರಸತೀವಿ, ಬಾಟಲಿ, ನೀರು, ಸೈಕಲ್ ಪಂಪ್ ಅಷ್ಟ. ಆದ್ರ ಶಿಸ್ತು ಅದೇ, ಹಗ್ಗದ ಹಿಂದ ನಿಲ್ಲೂದು, ಒಬ್ಬನೇ ಬಿಡೂದು, ಎಣಿಕಿ ಗಟ್ಟಿಯಾಗಿ ಹೇಳೂದು, ಬಾಟಲಿ ಸಿಕ್ಕೊಂಡ್ರ ಯಾರೂ ಬಗ್ಗಿ ನೋಡಂಗಿಲ್ಲ. ಆ ಒಂಬತ್ತನೇ ಕ್ಲಾಸಿನ ಹುಡುಗನ್ನೇ ಎಣಿಕಿಗೆ ನಿಲ್ಲಸೀನಿ. ನೀವೂ ಬರ್ರಿ, ಮುಂಜಾನೆ 9ಕ್ಕ, ಬಿಸಲೇರೋದ್ರಾಗ ಮುಗಸತೀವಿ.

ಅಲ್ಲಿತನಕ ಮನ್ಯಾಗ ಹಬ್ಬದ ಪಟಾಕಿ ಉಳದಿದ್ರ ಮಕ್ಕಳ ಕೈಗೆ ಸಿಗದಂಗ ಇಡ್ರಿ. ಹೊಲದಾಗ ಕಣಕಿ ಬಣವಿ ಒಟ್ಟೋ ಕಾಲ ಇದು, ಒಂದು ಕಿಡಿ ಸಾಕು.

ನಿಮ್ಮ
ಹೆಡ್ ಮಾಸ್ತರ್, ವಿಜಯಪುರ